ಹಳೆಯ ಹಾಯಿದೋಣಿಗೆ ಹೊಸದೇನು ಬೇಕು?

2023ರ ಏಪ್ರಿಲ್ 29ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರಿಗೆ ‘ಬಯಾನತ್’ ಎಂಬ ಹಾಯಿದೋಣಿ ಬಂದು ಸೇರಿತು. ಭಾರತೀಯ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ ಅದರಲ್ಲಿ ಒಬ್ಬರೇ 236 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದು, 2022ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಎರಡನೆಯವರಾದರು. ಅವರ ಛಲವನ್ನು ನಮ್ಮ ಪತ್ರಿಕೆಗಳು ಕೊಂಡಾಡಿದವು, ಕೊಂಡಾಡಲೇಬೇಕಿತ್ತು. ಆದರೆ ಅವರನ್ನು ಹೊತ್ತು ತಂದ ದೋಣಿಯ ಬಗ್ಗೆ ಹೆಚ್ಚಿನ ಮಾತು ಬರಲಿಲ್ಲ. ಅದು ರಸ್ಲರ್ 36. ಹೋಲ್ಮನ್ ಅಂಡ್ ಪೈ ವಿನ್ಯಾಸ ಮಾಡಿದ ಈ ಮಾದರಿ 1980ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿತು. ಸ್ಪರ್ಧೆಗೆಂದು ಕಟ್ಟಿದ್ದಲ್ಲ, ಸಂಸಾರ ಸಮೇತ ದೂರದ ಕಡಲುಗಳಿಗೆ ಹೋಗಿಬರಲೆಂದು ಕಟ್ಟಿದ ದೋಣಿ. ಈ ರೇಸಿನ ನಿಯಮವೇ ಹಾಗಿದೆ: 32ರಿಂದ 36 ಅಡಿ ಉದ್ದ, 1988ಕ್ಕೆ ಮೊದಲಿನ ವಿನ್ಯಾಸ, ಉದ್ದನೆಯ ಕೀಲ್ (ತಳದ ಬೆನ್ನೆಲುಬು), ಅದರ ಹಿಂಬದಿಗೇ ಕೂಡಿಸಿದ ಚುಕ್ಕಾಣಿ.

ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳ ಕರಾವಳಿಯಲ್ಲಿ ಸಾವಿರಾರು ಜನ ಸದ್ದಿಲ್ಲದೆ ಮಾಡುತ್ತ ಬಂದ ಕೆಲಸವನ್ನು ಈ ರೇಸು ದೊಡ್ಡದಾಗಿ ಮಾಡಿ ತೋರಿಸುತ್ತದೆ. ಮೂವತ್ತು ನಲವತ್ತು ವರ್ಷದ ಯಾಟ್ ಒಂದನ್ನು ಕೊಂಡು, ರಿಪೇರಿ ಮಾಡಿ, ಬೇಕಾದ್ದನ್ನು ಹೊಸದಾಗಿ ಹಾಕಿಸಿ ಕಡಲಿಗಿಳಿಯುವುದು ಆ ಕೆಲಸ. ಅದು ಸಾಧ್ಯವಾದದ್ದು ಫೈಬರ್‌ಗ್ಲಾಸಿನಿಂದ. ಮರದಂತೆ ಅದು ಕೊಳೆಯುವುದಿಲ್ಲ, ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ. ಅರುವತ್ತು, ಎಪ್ಪತ್ತರ ದಶಕದಲ್ಲಿ ಈ ವಸ್ತು ಎಷ್ಟು ಗಟ್ಟಿ ಎಂಬುದು ಕಟ್ಟುವವರಿಗೇ ಪೂರ್ತಿ ತಿಳಿದಿರಲಿಲ್ಲವಾದ್ದರಿಂದ ಹಲವರು ಒಡಲನ್ನು ದಪ್ಪಗೆ ಕಟ್ಟಿದರು. ಆ ಒಡಲುಗಳು ಇಂದಿಗೂ ತೇಲುತ್ತಿವೆ, ಹೊಸ ದೋಣಿಯ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತವೆ. ಹಳೆಯದನ್ನು ಕೊಳ್ಳುವುದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಕೊಂಡ ಮೇಲೆ ಹಣ ಖರ್ಚಾಗುವ ಕ್ರಮ ಮಾತ್ರ ಬಹಳ ಕಡೆ ತಲೆಕೆಳಗಾಗಿದೆ.

2018ರ ರೇಸನ್ನು ನೋಡಿ. 18 ಮಂದಿ ಹೊರಟರು, ಐವರು ಮುಗಿಸಿದರು. ಮೊದಲ ಮೂರು ಸ್ಥಾನ ಬಂದದ್ದು ರಸ್ಲರ್ 36 ದೋಣಿಗಳಿಗೆ. ಹಾಗೆಂದು ಒಳ್ಳೆಯ ಒಡಲಿದ್ದರೆ ಸಾಕು ಎನ್ನುವಂತಿಲ್ಲ. ಅದೇ ವರ್ಷ ದಕ್ಷಿಣದ ಕಡಲುಗಳಲ್ಲಿ ಐದು ದೋಣಿಗಳ ಹಾಯಿಕಂಬ ಮುರಿದವು. ಅವುಗಳಲ್ಲಿ ಸೂಸಿ ಗುಡಾಲ್ ಅವರ ರಸ್ಲರ್ 36 ಇತ್ತು, ಗೋವಾದಲ್ಲಿ ಹೊಸದಾಗಿ ಕಟ್ಟಿದ ಟೋಮಿ ಅವರ ‘ತುರಿಯಾ’ ಕೂಡ ಇತ್ತು. ಒಂದರ ಒಡಲು ಹಳೆಯ ಮಾದರಿಯ ಫೈಬರ್‌ಗ್ಲಾಸ್, ಇನ್ನೊಂದರದು ಹೊಚ್ಚಹೊಸ ಮರ. ಎರಡೂ ಬಿರುಗಾಳಿಯಲ್ಲಿ ಮಗುಚಿದವು, ಎರಡೂ ಮತ್ತೆ ಎದ್ದು ತೇಲಿದವು. ಮುರಿದದ್ದು ಒಡಲಿಗೆ ಜೋಡಿಸಿದ ಭಾಗ. ಆದ್ದರಿಂದ ದೋಣಿಗೆ ಎಷ್ಟು ವರ್ಷ ಎಂದು ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಕಂಬಕ್ಕೆಷ್ಟು, ಅದನ್ನು ಹಿಡಿದ ತಂತಿಗೆಷ್ಟು, ತಂತಿಯನ್ನು ಹಿಡಿದ ಬೋಲ್ಟಿಗೆಷ್ಟು ಎಂದು ಒಂದೊಂದಾಗಿ ಕೇಳಬೇಕು.

ಕೊಳ್ಳುವವನ ಕಣ್ಣು ಸಹಜವಾಗಿ ಹೊಳೆಯುವ ಬಣ್ಣ, ಹೊಸ ಗಾದಿ, ದೊಡ್ಡ ಪರದೆಯ ಚಾರ್ಟ್‌ಪ್ಲಾಟರ್ ಕಡೆಗೆ ಹೋಗುತ್ತದೆ. ಒಳ್ಳೆಯ ಸರ್ವೇಯರ್ ಸಣ್ಣ ಸುತ್ತಿಗೆ ಹಿಡಿದು ಡೆಕ್ಕಿನ ಮೇಲೆ ಮಂಡಿಯೂರುತ್ತಾನೆ. ಹಲಸಿನ ಹಣ್ಣನ್ನು ತಟ್ಟಿ ನೋಡುವವರಂತೆ ಅವನೂ ಸದ್ದಿನಿಂದಲೇ ಒಳಗನ್ನು ಅಳೆಯುತ್ತಾನೆ. ಬಹಳಷ್ಟು ಡೆಕ್ಕುಗಳಲ್ಲಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿರುತ್ತದೆ. ಎಂದೋ ಕೊರೆದ ಬೋಲ್ಟಿನ ತೂತಿನಿಂದ ನೀರು ಇಳಿದರೆ ಆ ತಿರುಳು ಕೊಳೆಯುತ್ತದೆ, ಸದ್ದು ಮಂಕಾಗುತ್ತದೆ. ತಂತಿಗಳನ್ನು ಒಡಲಿಗೆ ಬಿಗಿಯುವ ಚೈನ್‌ಪ್ಲೇಟುಗಳದ್ದು ಇನ್ನೂ ಕಷ್ಟದ ವಿಷಯ. ಸ್ಟೇನ್‌ಲೆಸ್ ಸ್ಟೀಲಿಗೆ ರಕ್ಷಣೆಯ ಪೊರೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಡೆಕ್ಕನ್ನು ದಾಟಿಹೋಗುವ ಕಡೆ ಗಾಳಿ ಸಿಗದೆ, ಉಪ್ಪುನೀರು ಮಾತ್ರ ನಿಂತು, ಲೋಹ ಒಳಗೊಳಗೇ ತಿಂದುಹೋಗುತ್ತದೆ. ಮೇಲೆ ಮಾತ್ರ ಕನ್ನಡಿಯಂತೆ ಹೊಳೆಯುತ್ತದೆ. ತಳದಲ್ಲಿ ನೀರು ಬಿಡುವ, ತಡೆಯುವ ಕವಾಟಗಳು ಸಾದಾ ಹಿತ್ತಾಳೆಯವಾದರೆ ಕಾಲಕ್ರಮೇಣ ಅದರಲ್ಲಿನ ಸತು ಕರಗಿ, ಲೋಹ ಗುಲಾಬಿ ಬಣ್ಣಕ್ಕೆ ತಿರುಗಿ, ಕೈಯಲ್ಲಿ ತಿರುಗಿಸುವಾಗಲೇ ಮುರಿಯಬಹುದು. ಇಷ್ಟೆಲ್ಲ ಇರುವಾಗ ಕೊಳ್ಳುವವರು ಹೆಚ್ಚು ಹೆದರುವುದು ಆಸ್ಮಾಸಿಸ್‌ಗೆ, ಎಂದರೆ ಒಡಲಿನ ಹೊರಪದರದಲ್ಲಿ ನೀರು ಸೇರಿ ಏಳುವ ಗುಳ್ಳೆಗಳಿಗೆ. ಪದರ ಸುಲಿದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಬಳಿಯುವುದು ದುಬಾರಿ ನಿಜ. ಆದರೆ ಗುಳ್ಳೆಯಿಂದ ಮುಳುಗಿದ ದೋಣಿ ಅಪರೂಪ, ಮುರಿದ ಕವಾಟ ದೋಣಿಯನ್ನು ಒಂದೇ ರಾತ್ರಿಯಲ್ಲಿ ಮುಳುಗಿಸಬಲ್ಲದು.

ಖರ್ಚಿನ ಕ್ರಮವನ್ನು ಅಪಾಯದ ಕ್ರಮವೇ ನಿರ್ಧರಿಸಬೇಕು. ಮೊದಲು ನೀರನ್ನು ಹೊರಗಿಡುವಂಥವು: ಕವಾಟ, ಕಿಟಕಿ, ಚುಕ್ಕಾಣಿಯ ಬೇರಿಂಗು, ಕೀಲಿನ ಬೋಲ್ಟು. ಆಮೇಲೆ ಕಂಬವನ್ನು ನಿಲ್ಲಿಸುವಂಥವು. ಕಂಬದ ತಂತಿಗಳನ್ನು 10ರಿಂದ 15 ವರ್ಷಕ್ಕೊಮ್ಮೆ ಬದಲಿಸಬೇಕೆಂದು ಬ್ರಿಟನ್ನಿನ ಹಲವು ವಿಮಾ ಕಂಪನಿಗಳು ಕೇಳುತ್ತವೆ, ಅದು ಅತಿಯೇನಲ್ಲ. ಮೂರನೆಯದು ಎಂಜಿನ್. ಹಳೆಯ ಡೀಸೆಲ್ ಎಂಜಿನ್ ಶುದ್ಧ ಇಂಧನ, ತಂಪು ನೀರು, ಕಾಲಕಾಲಕ್ಕೆ ಹೊಸ ಎಣ್ಣೆ ಸಿಕ್ಕರೆ ದಶಕಗಳ ಕಾಲ ದುಡಿಯುತ್ತದೆ. ಬ್ಯಾಟರಿ, ಫ್ರಿಜ್, ಪರದೆಗಳದ್ದು ಕೊನೆಯ ಸರದಿ. ಈಗಿನ ಯಾಟ್ ಮಾಲೀಕರಲ್ಲಿ ಅನೇಕರು ಕೊನೆಯದರಿಂದಲೇ ಶುರು ಮಾಡುತ್ತಾರೆ. ಲಿಥಿಯಂ ಬ್ಯಾಟರಿ ಒಳ್ಳೆಯ ವಸ್ತು, ಹಗುರ, ಬೇಗ ಚಾರ್ಜ್ ಆಗುತ್ತದೆ. ಆದರೆ ಅದು ಕರೆಂಟನ್ನು ಎಡೆಬಿಡದೆ ಎಳೆಯುವುದರಿಂದ ಹಳೆಯ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಸುರಕ್ಷತೆಗಾಗಿ ಬ್ಯಾಟರಿ ತಟ್ಟನೆ ಸಂಪರ್ಕ ಕಡಿದುಕೊಂಡರೆ ವೋಲ್ಟೇಜ್ ಏರಿ ಡಯೋಡುಗಳೂ ಹೋಗಬಹುದು. ಒಂದನ್ನು ಬದಲಿಸಿದರೆ ಅದಕ್ಕೆ ತಾಳೆಯಾಗುವಂತೆ ಮತ್ತೆ ನಾಲ್ಕನ್ನು ಬದಲಿಸಬೇಕಾಗುತ್ತದೆ. ಅದಕ್ಕೆ ಹಣವಿಲ್ಲದಾಗ ಬಲಿಯಾಗುವುದು ಬೋಲ್ಟು, ತಂತಿ, ಕವಾಟಗಳೇ.

ದೋಣಿಯನ್ನು ಉತ್ತಮಗೊಳಿಸುವುದೆಂದರೆ ಸದಾ ಏನನ್ನಾದರೂ ಸೇರಿಸುವುದೂ ಅಲ್ಲ. 2018ರ ವಿಜೇತ ಜ್ಯಾನ್ ಲ್ಯೂಕ್ ವಾನ್ ಡೆನ್ ಹೀಡ್ ತಮ್ಮ ರಸ್ಲರಿನ ಕಂಬವನ್ನು ಹೊರಡುವ ಮುನ್ನವೇ ಕುಗ್ಗಿಸಿದ್ದರು. ಹಗುರ ಗಾಳಿಯಲ್ಲಿ ಸ್ವಲ್ಪ ವೇಗ ಕಳೆದುಕೊಂಡು ಬಿರುಗಾಳಿಯಲ್ಲಿ ಬಲ ಗಳಿಸುವ ಲೆಕ್ಕಾಚಾರ ಅದು. ಆದರೂ ದಕ್ಷಿಣ ಪೆಸಿಫಿಕ್‌ನಲ್ಲಿ ದೋಣಿ ಮಗುಚಿ, ತಂತಿಗಳನ್ನು ಕಂಬಕ್ಕೆ ಹಿಡಿದಿದ್ದ ಬೋಲ್ಟು ಲೋಹವನ್ನು ಸೀಳಿತು. 73ರ ವಯಸ್ಸಿನಲ್ಲಿ ಅವರು ಮತ್ತೆ ಮತ್ತೆ ಕಂಬ ಹತ್ತಿ, ಕಟ್ಟಿ, ಬಿಗಿದು, ಗೆದ್ದು ಬಂದರು. 2022ರ ವಿಜೇತೆ ಕರ್ಸ್ಟನ್ ನಾಯ್‌ಶೇಫರ್ ತಮ್ಮ ಕೇಪ್ ಜಾರ್ಜ್ 36 ದೋಣಿಯನ್ನು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಮುಂದೆ ನಿಂತು ಸಜ್ಜುಗೊಳಿಸಿ, ಅದರಲ್ಲೇ ದಕ್ಷಿಣ ಆಫ್ರಿಕಾದವರೆಗೆ ಸಾಗಿ, ಆ ಯಾನದಲ್ಲಿ ಕಂಡ ಕೊರತೆಗಳನ್ನು ತುಂಬಿಕೊಂಡು ರೇಸಿಗಿಳಿದರು. ಇಬ್ಬರಿಗೂ ದೋಣಿಯ ಪ್ರತಿಯೊಂದು ಸಂದು ಕೈಬೆರಳಿಗೆ ಗೊತ್ತಿತ್ತು. ಹಣ ಕೊಟ್ಟು ಬೇರೆಯವರಿಂದ ಎಲ್ಲ ಮಾಡಿಸಿಕೊಂಡವರಿಗೆ ಈ ಬಲ ಸಿಗದು.

ನಿರ್ವಹಣೆಯ ಪಾಠವನ್ನಂತೂ ‘ಸುಹೈಲಿ’ಯಿಂದಲೇ ಕಲಿಯಬೇಕು. ಮುಂಬಯಿಯಲ್ಲಿ ಭಾರತದ ಬಡಗಿಗಳು ತೇಗದಲ್ಲಿ ಕಟ್ಟಿದ ಈ 32 ಅಡಿಯ ದೋಣಿಯಲ್ಲೇ ರಾಬಿನ್ ನಾಕ್ಸ್ ಜಾನ್‌ಸ್ಟನ್ 1968–69ರಲ್ಲಿ ಮೊತ್ತಮೊದಲ ಬಾರಿಗೆ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಿದರು. ಹೊರಟ ಕೆಲವೇ ವಾರಗಳಲ್ಲಿ ಕೀಲಿನ ಬಳಿಯ ಸಂದಿನಿಂದ ನೀರು ಬರತೊಡಗಿದಾಗ ಅಟ್ಲಾಂಟಿಕ್‌ನಲ್ಲೇ ಮುಳುಗು ಹಾಕಿ, ಹತ್ತಿ ತುರುಕಿ, ಮೇಲೆ ಕ್ಯಾನ್ವಾಸ್ ಪಟ್ಟಿ ಹೊಡೆದು ಮುಚ್ಚಿದರು. ಮುಂದೆ ಸುಹೈಲಿ ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯ ಸೇರಿತು. ಅಲ್ಲಿನ ಒಣ ಹವೆಗೆ ಹಲಗೆಗಳು ಕುಗ್ಗತೊಡಗಿದ್ದರಿಂದ 2002ರಲ್ಲಿ ನಾಕ್ಸ್ ಜಾನ್‌ಸ್ಟನ್ ಅದನ್ನು ಹೊರತಂದರು. ದೀರ್ಘ ದುರಸ್ತಿಯ ನಂತರ 2016ರಲ್ಲಿ ಅದು ಮತ್ತೆ ನೀರಿಗಿಳಿಯಿತು. ಬಳಕೆಯಿಲ್ಲದ ದೋಣಿ ಬಳಸಿದ ದೋಣಿಗಿಂತ ಬೇಗ ಹಾಳಾಗುತ್ತದೆ. ಮರೀನಾದಲ್ಲಿ ವರ್ಷಗಟ್ಟಲೆ ಕಟ್ಟಿಹಾಕಿದ ‘ಕಡಿಮೆ ಓಡಿದ’ ಯಾಟನ್ನು ಹೆಚ್ಚು ಬೆಲೆಗೆ ಕೊಳ್ಳುವವರು ಇದನ್ನು ನೆನಪಿಡಬೇಕು.

ಹಳೆಯ ದೋಣಿಯ ಪರ ವಾದಿಸುವವರು ಫಿನ್ಲೆಂಡಿನ ತಾಪಿಯೊ ಲೆಹ್ಟಿನೆನ್ ಅವರ ‘ಆಸ್ಟೇರಿಯಾ’ಕ್ಕೂ ಉತ್ತರ ಕೊಡಬೇಕು. 1965ರ ಈ ದೋಣಿ 2018ರ ರೇಸಿನಲ್ಲಿ ತಳದ ತುಂಬ ಕಡಲಚಿಪ್ಪು ಬೆಳೆಸಿಕೊಂಡು 322 ದಿನ ತೆಗೆದುಕೊಂಡಿತು. ಚಿಪ್ಪು ಅಂಟದಂತೆ ತಳಕ್ಕೆ ಬಳಿಯುವ ಬಣ್ಣದ ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮತ್ತೆ ಸಜ್ಜಾಗಿ 2022ರಲ್ಲಿ ಹೊರಟ ಅದೇ ದೋಣಿ ನವೆಂಬರ್ 18ರಂದು ದಕ್ಷಿಣ ಆಫ್ರಿಕಾದಾಚೆಯ ಕಡಲಿನಲ್ಲಿ ಹಿಂಬದಿಯಿಂದ ನೀರು ತುಂಬಿ ನಿಮಿಷಗಳಲ್ಲಿ ಮುಳುಗಿತು. ಲೈಫ್‌ರಾಫ್ಟ್‌ನಲ್ಲಿದ್ದ ಲೆಹ್ಟಿನೆನ್ ಅವರನ್ನು ಕಾಪಾಡಿದ್ದು ದಾರಿ ಬದಲಿಸಿ ಬಂದ ನಾಯ್‌ಶೇಫರ್. ಅನುಭವಿ ನಾವಿಕ, ಮನಸ್ಸಿಟ್ಟು ಮಾಡಿದ ಸಿದ್ಧತೆ ಎರಡೂ ಇದ್ದು ಹೀಗಾಯಿತು. ಹಳೆಯ ವಸ್ತುವಿನೊಳಗೆ ಯಾರ ಕಣ್ಣಿಗೂ ಬೀಳದ್ದು ಉಳಿದೇ ಇರುತ್ತದೆ. ಅದಕ್ಕಾಗಿಯೇ ನೀರುನಿಲ್ಲಿಸುವ ಅಡ್ಡಗೋಡೆ, ಲೈಫ್‌ರಾಫ್ಟ್, ತುರ್ತು ಸಂದೇಶದ ಬೀಕನ್‌ಗಳ ಮೇಲಿನ ಖರ್ಚನ್ನು ಯಾವ ಕಾರಣಕ್ಕೂ ಮುಂದೂಡಬಾರದು.

ಇಷ್ಟಾದರೂ ನನ್ನ ತೀರ್ಪು ಹಳೆಯ ದೋಣಿಯ ಪರವೇ. ದಪ್ಪ ಫೈಬರ್‌ಗ್ಲಾಸನ್ನು ಮರುಬಳಸುವುದು ಇಂದಿಗೂ ಸುಲಭವಲ್ಲ. ಕೈಬಿಟ್ಟ ದೋಣಿಗಳನ್ನು ಒಡೆಯಲೆಂದೇ ಫ್ರಾನ್ಸ್ 2019ರಿಂದ ಪ್ರತ್ಯೇಕ ವ್ಯವಸ್ಥೆ ನಡೆಸುತ್ತಿದೆ. ಗಟ್ಟಿಯಾದ ಒಡಲೊಂದನ್ನು ಇನ್ನೂ ಇಪ್ಪತ್ತು ವರ್ಷ ಕಡಲಲ್ಲಿ ಉಳಿಸುವುದು ಭೂಮಿಯ ಭಾರ ಕಡಿಮೆ ಮಾಡುವ ಕೆಲಸ. ಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಕೈಯಲ್ಲಿರುವ ಹಣವನ್ನೆಲ್ಲ ಖರೀದಿಗೇ ಸುರಿಯಬೇಡಿ, ಅರ್ಧ ಉಳಿಸಿಕೊಳ್ಳಿ. ಸುರಕ್ಷತೆಯ ಕೆಲಸ ಮುಗಿದ ಕೂಡಲೇ ದೋಣಿಯನ್ನು ನೀರಿಗಿಳಿಸಿ, ಒಂದು ಋತು ಹತ್ತಿರದ ಕಡಲಿನಲ್ಲೇ ಓಡಾಡಿ. ಆಮೇಲೂ ಬೇಕೆನಿಸಿದ್ದನ್ನು ಮಾತ್ರ ಕೊಳ್ಳಿ.