ಶಕವರ್ಷಕ್ಕೆ 78 ಕೂಡಿಸಿದರೆ ಮುಗಿಯಿತೇ? ಶಾಸನದ ಕಾಲ ಮತ್ತು ಪೈಥಾನಿನ ನಾಲ್ಕು ಸಾಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಶಾಸನಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ, ಪೈಥಾನಿನಲ್ಲಿ ನಾಲ್ಕು ಸಾಲು ಬರೆದು ಕ್ರಿಸ್ತಶಕದ ದಿನಾಂಕ ತೆಗೆಯುವ ಉತ್ಸಾಹ ನಮ್ಮ ಗೆಳೆಯರಲ್ಲಿ ಈಚೆಗೆ ಹೆಚ್ಚಾಗಿದೆ. ಒಳ್ಳೇದೇ. ಒಂದು ಸಂಜೆ ಹಿಡಿಯೋ ಕೈಲೆಕ್ಕ ಕ್ಷಣದಲ್ಲಿ ಮುಗಿಯುತ್ತೆ. ನನ್ನ ತಕರಾರು ಇರೋದು ಆ ನಾಲ್ಕು ಸಾಲುಗಳ ಮೇಲೆ. ಅಲ್ಲಿಂದ ಹೊರಬಿದ್ದ ದಿನಾಂಕ ನಕ್ಷೆಗೆ ಹೋಗುತ್ತೆ, ಊರಿನ ಫಲಕಕ್ಕೆ ಹೋಗುತ್ತೆ, ಆಮೇಲೆ ತಿದ್ದಲು ಯಾರ ಕೈಗೂ ಸಿಗಲ್ಲ.

ತೇರದಾಳವನ್ನೇ ತೆಗೆದುಕೊಳ್ಳಿ. ಮಾಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿಯ ಶಾಸನವನ್ನು ಕೆ. ಬಿ. ಪಾಠಕರು ‘ಇಂಡಿಯನ್ ಆ್ಯಂಟಿಕ್ವರಿ’ಯ 14ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರ ಮೊದಲ ಭಾಗದ ವರ್ಷ ಶಕ 1045. ಅದೇ ಕಲ್ಲಿನಲ್ಲಿ ಮುಂದೆ ಶಕ 1104, 1109ರ ಬರಹಗಳೂ ಇವೆ. ಒಂದು ಕಲ್ಲಿಗೆ ಒಂದು ಸಾಲು, ಒಂದು ಸಾಲಿಗೆ ಒಂದು ದಿನಾಂಕ ಅಂತ ಮಾಡಿದ ಪಟ್ಟಿ ಇಲ್ಲೇ ಮುಗ್ಗರಿಸುತ್ತೆ. ಅದನ್ನು ಬಿಡಿ, 1045ನ್ನೇ ನೋಡೋಣ. ಕೆಲವು ಪುಸ್ತಕಗಳಲ್ಲಿ ಈ ಶಾಸನಕ್ಕೆ 1122 ಅಂತಿದೆ, ಕೆಲವದರಲ್ಲಿ 1123. 1045 ವರ್ಷ ಕಳೆದಿದೆ ಅಂದುಕೊಂಡರೆ, ಅಂದರೆ ಗತಶಕ ಅಂದರೆ, 1123-24 ಬರುತ್ತೆ, ಸಂವತ್ಸರ ಶೋಭಕೃತ್. ನಡೆಯುತ್ತಿರುವ ವರ್ಷ ಅಂದುಕೊಂಡರೆ 1122-23, ಸಂವತ್ಸರ ಶುಭಕೃತ್. ಎರಡು ಹೆಸರಿಗೂ ಇರೋ ವ್ಯತ್ಯಾಸ ಒಂದು ಅಕ್ಷರದ ಗುಣಿತ ಮಾತ್ರ. ಕಲ್ಲು ಸವೆದಿದ್ದರೆ, ಅಚ್ಚು ಮಸುಕಾಗಿದ್ದರೆ, ಒಂದು ವರ್ಷ ಆ ಕಡೆ ಈ ಕಡೆ. 78 ಕೂಡಿಸುವ ಸ್ಕ್ರಿಪ್ಟಿಗೆ ಈ ಪ್ರಶ್ನೆಯೇ ಗೊತ್ತಿಲ್ಲ. ಇದರ ಪಕ್ಕದಲ್ಲಿ ಐಹೊಳೆಯ ಶಾಸನ ಇಟ್ಟು ನೋಡಿ: ಭಾರತಯುದ್ಧದಿಂದ 3735, ಶಕರಾಜರಿಂದ 556 ವರ್ಷ ಕಳೆದವು ಅಂತ ರವಿಕೀರ್ತಿ ಎರಡು ಲೆಕ್ಕ ಕೊಟ್ಟಿದ್ದಾನೆ. ಕಳೆದು ನೋಡಿದರೆ ಸರಿಯಾಗಿ 3179. ಇಂಥ ಉಪಕಾರಿ ಕವಿಗಳು ಕಡಿಮೆ.

ವಾರ, ತಿಥಿ ಇದ್ದಾಗ ಆಯ್ಕೆ ಸುಲಭ. ಉದಾಹರಣೆಗೆ ವೈಶಾಖ ಹುಣ್ಣಿಮೆ 1122ರಲ್ಲಿ ಏಪ್ರಿಲ್ 23, ಭಾನುವಾರ ಬಿತ್ತು. 1123ರಲ್ಲಿ ಏಪ್ರಿಲ್ 12, ಗುರುವಾರ. ಕಲ್ಲಿನ ಮೇಲೆ ಬೃಹಸ್ಪತಿವಾರ ಇದೆಯೋ ಆದಿತ್ಯವಾರ ಇದೆಯೋ ನೋಡಿದರೆ ತೀರ್ಮಾನ ಆಗುತ್ತೆ. ಹಾಗಾಗಿ ನಮ್ಮ ಗೆಳೆಯರೂ ಪೈಥಾನಿಗೆ ದಿನಾಂಕ ಕೊಟ್ಟು ವಾರ ಕೇಳುತ್ತಾರೆ. ಇಲ್ಲೊಂದು ಗುಂಡಿ ಇದೆ, ಅದನ್ನು ಯಾರೂ ಹೇಳಿದ್ದು ನಾನು ಕಂಡಿಲ್ಲ.

ಸ್ವಾಮಿಕಣ್ಣು ಪಿಳ್ಳೈ ಅವರ ‘ಇಂಡಿಯನ್ ಎಫಿಮೆರಿಸ್’ ಆಗಲಿ, ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ ‘ಇಂಡಿಯನ್ ಕ್ಯಾಲೆಂಡರ್’ ಆಗಲಿ, ಹಳೇ ಕಾಲಕ್ಕೆ ಕೊಡುವುದು ಜೂಲಿಯನ್ ದಿನಾಂಕ. ಶಾಸನಶಾಸ್ತ್ರದ ರೂಢಿಯೂ ಅದೇ. ಪೈಥಾನಿನ ಡೇಟ್‌ಟೈಮ್ ಮಾತ್ರ 1582ರಲ್ಲಿ ಬಂದ ಗ್ರೆಗೋರಿಯನ್ ಪಂಚಾಂಗವನ್ನೇ ಕ್ರಿಸ್ತಶಕ 1ರ ತನಕ ಹಿಂದಕ್ಕೆ ಎಳೆಯುತ್ತೆ. ಎರಡಕ್ಕೂ ಇರುವ ಅಂತರ ಶತಮಾನಕ್ಕೆ ತಕ್ಕಂತೆ ಬದಲಾಗುತ್ತೆ. ಹತ್ತನೆಯ ಶತಮಾನದಲ್ಲಿ 5 ದಿನ, ಹನ್ನೊಂದರಲ್ಲಿ 6, ಹದಿನಾಲ್ಕರಲ್ಲಿ 8. ಆದರೆ 1100ರ ಮಾರ್ಚಿನಿಂದ 1300ರ ಫೆಬ್ರವರಿವರೆಗೆ ಸರಿಯಾಗಿ 7 ದಿನ, ಅಂದರೆ ಒಂದು ವಾರ! 12 ಏಪ್ರಿಲ್ 1123 ಅಂತ ಕೊಟ್ಟರೆ ಪೈಥಾನೂ ಗುರುವಾರ ಅನ್ನುತ್ತೆ. ಆದರೆ ಅದು ಹೇಳುತ್ತಿರೋದು ಒಂದು ವಾರ ಹಿಂದಿನ ಗುರುವಾರ. ಆ ದಿನ ಹುಣ್ಣಿಮೆ ಇರಲಿಲ್ಲ, ಅಷ್ಟಮಿ-ನವಮಿಯ ಅರ್ಧಚಂದ್ರ ಇತ್ತು. ವಾರ ತಾಳೆಯಾಯಿತು ಅಂತ ಬರೆದವರು ನಿಶ್ಚಿಂತರಾಗುತ್ತಾರೆ. ನಮ್ಮ ಭಾಗದ ಕಲ್ಯಾಣ ಚಾಲುಕ್ಯರ ಕೊನೆಯ ಕಾಲ, ರಟ್ಟರು, ಕಳಚುರಿಗಳು, ಸೇವುಣರು ಎಲ್ಲ ಈ ಇನ್ನೂರು ವರ್ಷದೊಳಗೇ ಬರುತ್ತಾರೆ ನೋಡ್ರಿ. ಸ್ಕ್ರಿಪ್ಟನ್ನು ತೇರದಾಳದ ಮೇಲೆ ಪರೀಕ್ಷಿಸಿ ‘ಸರಿ ಇದೆ’ ಅಂದವರು ಅದನ್ನೇ ರಾಷ್ಟ್ರಕೂಟರಿಗೋ ವಿಜಯನಗರಕ್ಕೋ ಹಚ್ಚಿದಾಗ ವಾರ ಕೂಡಲ್ಲ. ಆಗ ಶಾಸನ ಕೂಟವಿರಬೇಕು ಅನ್ನೋ ಮಾತು ಶುರುವಾಗುತ್ತೆ. ಪರಿಹಾರ ದೊಡ್ಡದೇನಲ್ಲ: ದಿನಾಂಕವನ್ನು ಮೊದಲು ಜೂಲಿಯನ್ ದಿನಸಂಖ್ಯೆಗೆ ಒಯ್ದು, ಅಲ್ಲಿ ವಾರವನ್ನೂ ಚಂದ್ರನನ್ನೂ ಎರಡನ್ನೂ ನೋಡಬೇಕು.

ಜಾವಾಸ್ಕ್ರಿಪ್ಟಿನವರು ನಗಬೇಕಿಲ್ಲ. ಶಕದ ಆರಂಭ ಅಂತ ವರ್ಷದ ಜಾಗದಲ್ಲಿ 78 ಕೊಟ್ಟರೆ ಅದು 1978 ಮಾಡಿಕೊಳ್ಳುತ್ತೆ. ಶಾಲಿವಾಹನನಿಗೆ ಜನತಾ ಸರ್ಕಾರದ ಕಾಲ!

ಸಂವತ್ಸರದ ಸೂತ್ರ ಎಲ್ಲರಿಗೂ ಗೊತ್ತು: ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸು, ಉಳಿದದ್ದು ಪ್ರಭವದಿಂದ ಎಣಿಕೆ. ಮುಧೋಳದ ರನ್ನನಿಗೆ ಇದು ಚೆನ್ನಾಗಿ ಕೂಡುತ್ತೆ. ಅಜಿತಪುರಾಣ ಶಕ 915, ಶೇಷ 27, ವಿಜಯ, ಅಂದರೆ 993. ಅವನು ಹುಟ್ಟಿದ ಸೌಮ್ಯ ಸಂವತ್ಸರ 43ನೆಯದು, 949. (ಪೈಥಾನಿನ ಪಟ್ಟಿ ಸೊನ್ನೆಯಿಂದ ಶುರು. 12ರ ಬದಲು 11 ಕೂಡಿಸದಿದ್ದರೆ ವಿಜಯ ಹೋಗಿ ಜಯ ಬರುತ್ತೆ.) ಇದೇ ಸೂತ್ರವನ್ನು ಬಾದಾಮಿ ತಾಲ್ಲೂಕಿನ ಮಹಾಕೂಟಕ್ಕೆ ಹಾಕಿ ನೋಡಿ. ಮಂಗಲೇಶನ ಸ್ತಂಭಶಾಸನದ ಸಂವತ್ಸರ ಸಿದ್ಧಾರ್ಥ. ಸೂತ್ರ 599-600 ಅನ್ನುತ್ತೆ, ವಿದ್ವಾಂಸರು ಬಹುಮಟ್ಟಿಗೆ ಹಿಡಿದಿರುವುದು 602. ಕಾರಣ ಇಷ್ಟೆ: ದಕ್ಷಿಣದ ಈ ಸರಳ ಎಣಿಕೆ ಹತ್ತನೆಯ ಶತಮಾನದಿಂದ ಈಚಿನದು. ಅದಕ್ಕೆ ಹಿಂದೆ ಗುರುವಿನ ಗತಿ ಹಿಡಿದು, ನಡುನಡುವೆ ಒಂದು ಸಂವತ್ಸರ ಬಿಟ್ಟು ಎಣಿಸುತ್ತಿದ್ದರು. ಸೂತ್ರಕ್ಕೆ ಕಾಲದ ಗಡಿ ಹಾಕದ ಸ್ಕ್ರಿಪ್ಟು ಮಂಗಲೇಶನ ಆಳ್ವಿಕೆಯನ್ನೇ ಜರುಗಿಸಿಬಿಡುತ್ತೆ.

ಗಳಿಗೆಯ ಲೆಕ್ಕಕ್ಕೆ ಬಂದರೆ ಇನ್ನೊಂದು ವಿಚಿತ್ರ. ವಾರ ಬದಲಾಗೋದು ಸೂರ್ಯೋದಯಕ್ಕೆ, ಪೈಥಾನಿಗೆ ಮಧ್ಯರಾತ್ರಿಗೆ. ಕಾಲವಲಯ ‘ಏಷ್ಯಾ/ಕೋಲ್ಕತ್ತಾ’ ಅಂತ ಕೊಟ್ಟರೆ ಹಳೇ ದಿನಾಂಕಗಳಿಗೆ ಅದು ಕಲಕತ್ತೆಯ ಸ್ಥಳೀಯ ಸಮಯ, 5 ಗಂಟೆ 53 ನಿಮಿಷ, ಹಿಡಿಯುತ್ತೆ. ಜಮಖಂಡಿಯ ಸ್ಥಳೀಯ ಸಮಯ ಸುಮಾರು 5 ಗಂಟೆ 1 ನಿಮಿಷ. ಬೆಳಗಿನ ಜಾವ ಮುಗಿಯುವ ತಿಥಿಯೋ ಸಂಕ್ರಮಣವೋ ಆಗಿದ್ದರೆ ಈ 52 ನಿಮಿಷ ಇಡೀ ದಿನವನ್ನೇ ಬದಲಿಸಬಹುದು. ಜಮಖಂಡಿ, ಮುಧೋಳ ಸಂಸ್ಥಾನಗಳ ಕಾಗದಪತ್ರಕ್ಕೆ ಇಳಿದರೆ ಹಿಜರಿ, ಮೃಗದಿಂದ ಶುರುವಾಗುವ ಸುಹೂರ್ ಸನ್ನು ಬೇರೆ. ಸುಹೂರಿಗೆ 599 ಅಥವಾ 600 ಕೂಡಿಸಬೇಕು. ಅದು ಇನ್ನೊಂದು ಲೇಖನದ ಮಾತು.

ಇಷ್ಟೆಲ್ಲ ಆದ ಮೇಲೂ ನನಗೆ ತೀರಾ ಕಿರಿಕಿರಿ ಮಾಡೋದು ಜನವರಿ 1. ಡೇಟ್‌ಟೈಮಿಗೆ ಬರೀ ವರ್ಷ ಕೊಟ್ಟರೆ ಸಾಕಾಗಲ್ಲ, ತಿಂಗಳು, ದಿನ ಬೇಕೇ ಬೇಕು. ಆದ್ದರಿಂದ ತಿಥಿ ಅಳಿಸಿಹೋದ ಶಾಸನಗಳೆಲ್ಲ ಪಟ್ಟಿಯಲ್ಲಿ 01-01 ಆಗಿ ಕೂತಿವೆ. ಶಕವರ್ಷ ಶುರುವಾಗೋದೇ ಯುಗಾದಿಗೆ. 1123ರ ಜನವರಿ ಗತಶಕ 1044ಕ್ಕೆ ಸೇರಿದ್ದು. ಅಂದರೆ ತುಂಬಿದ ಆ ಸುಳ್ಳು ದಿನ ವರ್ಷವನ್ನೂ ಕೆಡಿಸುತ್ತೆ. ಖಚಿತವಿಲ್ಲದ ಕಾಲವನ್ನು, ಕಾಲದ ವ್ಯಾಪ್ತಿಯನ್ನು ಬರೆಯೋಕೆ ಐಎಸ್‌ಒ 8601ರ ಎರಡನೆಯ ಭಾಗ 2019ರಿಂದಲೇ ದಾರಿ ಮಾಡಿಕೊಟ್ಟಿದೆ, ಬಳಸುವವರು ಕಾಣೆ.

ಪಟ್ಟಿ ಮಾಡುವವರಲ್ಲಿ ನಾನು ಕೇಳೋದು ಇಷ್ಟು. ಕಲ್ಲಿನ ಕಾಲವಾಕ್ಯವನ್ನು ಇದ್ದ ಹಾಗೇ ಒಂದು ಕಾಲಮ್ಮಿನಲ್ಲಿ ಇಡಿ, ಅದನ್ನು ಯಾವ ಸ್ಕ್ರಿಪ್ಟೂ ಮುಟ್ಟಬಾರದು. ಪಕ್ಕದಲ್ಲಿ ಗತವೋ ವರ್ತಮಾನವೋ, ಜೂಲಿಯನ್ನೋ ಗ್ರೆಗೋರಿಯನ್ನೋ ಬರೆಯಿರಿ. ಕ್ರಿಸ್ತಶಕಕ್ಕೆ ಎರಡು ಕಾಲಮ್ಮು ಕೊಡಿ, ಇಂದ ಮತ್ತು ವರೆಗೆ. ಬರೀ ‘ಶಕ 1045’ ಅಂತಷ್ಟೇ ನಮೂದಾಗಿರುವ ಸಾಲಿನಲ್ಲಿ ಅವು 1122, 1124 ಅಂತಿರಲಿ. ಪೂರ್ತಿ ಕಾಲವಾಕ್ಯ ತುಂಬಿದ ದಿನ ಅವನ್ನು ಕಿರಿದು ಮಾಡಿ.