ಕೆಟ್ಟ ಅಲೆಯ ಸೊಗಸು: 'ಫಜ್ ಫೇಸ್' ಮಂಡಲದ ವಿಮರ್ಶೆ

ಟ್ರಾನ್ಸಿಸ್ಟರ್ ವರ್ಧಕದ ಪಾಠದಲ್ಲಿ ನಾವು ಹೇಳುವುದು ಇಷ್ಟೆ: ಹೊರಬರುವ ಅಲೆ ಒಳಹೋದ ಅಲೆಯ ಹಿಗ್ಗಿದ ಪ್ರತಿಯಾಗಿರಬೇಕು, ಆಕಾರ ಕೆಟ್ಟರೆ ಅದು ದೋಷ. ಆ ದೋಷವನ್ನೇ ಗುರಿಯಾಗಿಸಿಕೊಂಡ ವಿದ್ಯುನ್ಮಂಡಲವೊಂದಿದೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆ ಹೊರತಂದ, ಜಿಮಿ ಹೆಂಡ್ರಿಕ್ಸ್ ಬಳಸಿ ಪ್ರಸಿದ್ಧವಾದ 'ಫಜ್ ಫೇಸ್' ಗಿಟಾರ್ ಪೆಡಲ್.

ಅದರೊಳಗೆ ಇರುವುದು ಎರಡು ಜರ್ಮೇನಿಯಮ್ ಟ್ರಾನ್ಸಿಸ್ಟರ್, ನಾಲ್ಕು ರೋಧಕ, ಮೂರು ಕೆಪ್ಯಾಸಿಟರ್, ಎರಡು ತಿರುಪು, 9 ವೋಲ್ಟ್ ಬ್ಯಾಟರಿ. ಮೊದಲನೆಯದರ ಕಲೆಕ್ಟರ್ ಎರಡನೆಯದರ ಬೇಸಿಗೆ ನೇರ ಜೋಡಣೆ. ಎರಡನೆಯದರ ಎಮಿಟರಿನಿಂದ 100 ಕಿಲೋಓಮ್ ರೋಧಕದ ಮೂಲಕ ಮೊದಲನೆಯದರ ಬೇಸಿಗೆ ಋಣ ಫೀಡ್‌ಬ್ಯಾಕ್. 'ಫಜ್' ತಿರುಪನ್ನು ಪೂರ್ತಿ ಏರಿಸಿದರೆ 20 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಆ ಎಮಿಟರಿನ ಸಂಕೇತವನ್ನು ಭೂಮಿಗೆ ಇಳಿಸುತ್ತದೆ. ಡಿಸಿ ಫೀಡ್‌ಬ್ಯಾಕ್ ಉಳಿಯುತ್ತದೆ, ಸಂಕೇತದ ಫೀಡ್‌ಬ್ಯಾಕ್ ಅಳಿಯುತ್ತದೆ. ವರ್ಧನೆ ಥಟ್ಟನೆ ಏರಿ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ.

'ಸೈನ್ ಅಲೆ ಚೌಕ ಅಲೆಯಾಗಿ ಬೆಸ ಹಾರ್ಮೋನಿಕ್‌ಗಳು ಸೇರುತ್ತವೆ' ಎಂಬುದು ಸಾಮಾನ್ಯ ವಿವರಣೆ. ಇದು ಅರ್ಧ ಸತ್ಯ. ಬೆಸ ಹಾರ್ಮೋನಿಕ್‌ಗಳಷ್ಟೇ ಬರಬೇಕಾದರೆ ಅಲೆಯ ಎರಡು ಅರ್ಧಗಳೂ ಸಮವಾಗಿ ಕತ್ತರಿಸಿರಬೇಕು. ಇಲ್ಲಿ ಒಂದು ಬದಿ ಬೇಗ, ಇನ್ನೊಂದು ತಡವಾಗಿ ಚಪ್ಪಟೆಯಾಗುತ್ತದೆ. ಆದ್ದರಿಂದ ಸಮ ಹಾರ್ಮೋನಿಕ್‌ಗಳೂ ಇರುತ್ತವೆ. ಎರಡು ತಂತಿ ಒಟ್ಟಿಗೆ ಮೀಟಿದರಂತೂ ಅವುಗಳ ಆವೃತ್ತಿಗಳ ಮೊತ್ತ, ವ್ಯತ್ಯಾಸಗಳೂ ಹುಟ್ಟುತ್ತವೆ: 110 ಮತ್ತು 165 ಹರ್ಟ್ಸ್‌ಗಳಿಂದ 55 ಹರ್ಟ್ಸ್.

ಎರಡನೆಯ ಲೋಪ, ಗಿಟಾರನ್ನು ಮರೆಯುವುದು. ಮೊದಲ ಟ್ರಾನ್ಸಿಸ್ಟರಿನ ಎಮಿಟರ್ ನೇರ ಭೂಮಿಗೆ ಸೇರಿರುವುದರಿಂದ ಪೆಡಲಿನ ಒಳತಡೆ ಕೆಲವೇ ಕಿಲೋಓಮ್. ಗಿಟಾರಿನ ಪಿಕಪ್ಪೋ ಹಲವು ಕಿಲೋಓಮ್ ರೋಧ, ಕೆಲವು ಹೆನ್ರಿ ಪ್ರೇರಕತ್ವವುಳ್ಳ ಸುರುಳಿ. ಎರಡೂ ಸೇರಿ ಒಂದೇ ಮಂಡಲ. ವಾದಕ ಗಿಟಾರಿನ ಧ್ವನಿ ತಿರುಪನ್ನು ತುಸು ಇಳಿಸಿದರೆ ಸರಣಿ ರೋಧ ಹೆಚ್ಚಿ, ಬೇಸಿನ ಪ್ರವಾಹ ತಗ್ಗಿ, ನಾದ ತಿಳಿಯಾಗುತ್ತದೆ. ಪಠ್ಯದ ಪ್ರಕಾರ 'ತಪ್ಪು' ಹೊಂದಾಣಿಕೆಯೇ ಇಲ್ಲಿ ವಾದಕನ ಕೈಗೆ ಸಿಕ್ಕ ಹತೋಟಿ.

ಹಾಗೆಂದು ಮಂಡಲ ನಿರ್ದೋಷಿಯಲ್ಲ. ಜರ್ಮೇನಿಯಮ್ಮಿನ ಸೋರು ಪ್ರವಾಹ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಇಮ್ಮಡಿಯಾಗುತ್ತದೆ. ಬಿಸಿ ವೇದಿಕೆಯಲ್ಲಿ ಬಯಾಸ್ ಜರುಗಿ ಧ್ವನಿ ಬದಲಾಗುತ್ತದೆ. ಇದನ್ನು ಮರೆತು ಜರ್ಮೇನಿಯಮ್ಮನ್ನು ಕೊಂಡಾಡುವುದು ವಿಜ್ಞಾನವಲ್ಲ.

ಆಸಿಲೋಸ್ಕೋಪಿನಲ್ಲಿ ಈ ಅಲೆಯನ್ನು ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಿ. ವಿಕೃತಿ ದೋಷವೋ ಗುಣವೋ ಎಂಬುದನ್ನು ನಿರ್ಧರಿಸುವುದು ಟ್ರಾನ್ಸಿಸ್ಟರ್ ಅಲ್ಲ, ನಮ್ಮ ಉದ್ದೇಶ ಎಂಬುದು ಅವರಿಗೆ ತಾನಾಗಿ ಹೊಳೆದೀತು.