ಜಿಂಕೆ ಮಾಂಸವನ್ನು ವೈನಿನಲ್ಲಿ ನೆನೆಸಬೇಡಿ

ಬ್ರಿಟನ್ನಿನಲ್ಲಿ ಮನೆಯಲ್ಲಿ ಜಿಂಕೆ ಮಾಂಸದ ಪೈ ಮಾಡುತ್ತೇನೆ ಎಂದರೆ ಸಾಕು, ಎಲ್ಲರೂ ಹೇಳುವುದು ಒಂದೇ ಮಾತು: ಹಿಂದಿನ ರಾತ್ರಿಯೇ ಕೆಂಪು ವೈನಿನಲ್ಲಿ ನೆನೆಹಾಕಿ, ಕಾಡುವಾಸನೆ ಹೋಗುತ್ತದೆ, ಮಾಂಸ ಮೆತ್ತಗಾಗುತ್ತದೆ. ಎರಡೂ ನಿಜವಲ್ಲ.

ರಾತ್ರಿಯಿಡೀ ನೆಂದ ತುಂಡೊಂದನ್ನು ಬೆಳಗ್ಗೆ ಅಡ್ಡಕ್ಕೆ ಕೊಯ್ದು ನೋಡಿ. ಅಂಚಿನಲ್ಲಿ ಕೆಲವೇ ಮಿಲಿಮೀಟರಿನಷ್ಟು ನೇರಳೆ ಬಣ್ಣ ಹತ್ತಿರುತ್ತದೆ. ಒಳಗೆಲ್ಲ ಮೊದಲಿನ ಕಡುಗೆಂಪೇ. ವೈನು ಒಳಗೆ ಇಳಿದೇ ಇಲ್ಲ. ಮೇಲಾಗಿ ಒದ್ದೆ ಮಾಂಸ ಬಾಣಲೆಗೆ ಬಿದ್ದರೆ ಕೆಂಪಗೆ ಹುರಿಯುವುದಿಲ್ಲ, ನೀರು ಬಿಟ್ಟುಕೊಂಡು ಬೂದುಬಣ್ಣಕ್ಕೆ ಬೇಯುತ್ತದೆ. ಪೈಯ ಅರ್ಧ ರುಚಿ ಅಲ್ಲೇ ಹೋಯಿತು.

ಇನ್ನು ವಾಸನೆ. ಫ್ರಿಜ್ ಇಲ್ಲದ ಕಾಲದಲ್ಲಿ ಬೇಟೆಯನ್ನು ದಿನಗಟ್ಟಲೆ ತೂಗುಹಾಕುತ್ತಿದ್ದರು. ಆ ನಾತವನ್ನು ಮುಚ್ಚಲು ವೈನು ಬೇಕಿತ್ತೇನೋ. ಇಂದು ಅಲ್ಲಿನ ಮಾಂಸದಂಗಡಿಗೆ ಬರುವುದು ತಣ್ಣಗಿಟ್ಟ ಒಳ್ಳೆಯ ಮಾಂಸ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಬ್ರಿಟನ್ನಿನಲ್ಲಿ ಹಾಗಲ್ಲ: ತೋಳ, ಲಿಂಕ್ಸ್ ಎಂದೋ ನಿರ್ನಾಮವಾಗಿ, ಆರು ಜಾತಿಯ ಜಿಂಕೆಗಳು ಎಳೆಯ ಗಿಡಗಳನ್ನು ಚಿಗುರಲು ಬಿಡದೆ ಮೇಯುತ್ತವೆ. ಕಾಡು ಉಳಿಯಲೆಂದೇ ವರ್ಷವರ್ಷವೂ ಅವುಗಳನ್ನು ಕೊಲ್ಲುತ್ತಾರೆ. ಹಾಗೆ ಬಂದ ಮಾಂಸದ ಸ್ವಂತ ರುಚಿಯನ್ನೇ ತೊಳೆದು ಹಾಕುವುದು ನನಗೆ ಅನ್ಯಾಯವೆನಿಸುತ್ತದೆ.

ಮೆತ್ತಗಾಗುವುದು ಯಾವ ಭಾಗ ತಂದಿರಿ ಎಂಬುದರ ಮೇಲೆ ನಿಂತಿದೆ. ಬೆನ್ನಿನ ಮಾಂಸ ದುಬಾರಿ, ಕೊಬ್ಬಿಲ್ಲ. ಪೈಗೆ ಹಾಕಿದರೆ ಒಣಗಿ ಹಿಂಜಿದ ಹತ್ತಿಯಾಗುತ್ತದೆ. ಭುಜ ಕೇಳಿ, ಮೊಣಕಾಲಿನ ಕೆಳಗಿನದನ್ನು ಕೇಳಿ. ಕುದಿಯಲು ಬಿಡದ ಸಣ್ಣ ಉರಿಯಲ್ಲಿ ಎರಡೂವರೆ, ಮೂರು ಗಂಟೆ ಇಟ್ಟರೆ ಅದರ ನಾರೆಲ್ಲ ಕರಗಿ ಎಸರಿಗೆ ಅಂಟು ಬರುತ್ತದೆ. ಕಾಲು ಸೂಪು ಕುಡಿದು ತುಟಿ ಅಂಟಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಿಂಕೆಯಲ್ಲಿ ಕೊಬ್ಬು ಕಡಿಮೆ, ಆದ್ದರಿಂದ ಕೊಬ್ಬಿರುವ ಬೇಕನ್ ನಾಲ್ಕು ಚೂರು ಜೊತೆಗಿರಲಿ.

ವೈನು ಬೇಡವೇ ಬೇಡ ಎನ್ನುತ್ತಿಲ್ಲ. ಮಾಂಸ ಹುರಿದ ಮೇಲೆ ಒಂದು ಲೋಟ ಸುರಿದು, ತಳಕ್ಕೆ ಹಿಡಿದದ್ದನ್ನು ಕೆರೆದು, ಅರ್ಧಕ್ಕೆ ಇಂಗಿಸಿ. ಹುಳಿಗೂ ಒಂದು ಹೊತ್ತಿದೆ. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಬೀಳುವುದು ಮಾಂಸ ಬೆಂದು, ಒಲೆಯಿಂದ ಇಳಿಸುವ ಹೊತ್ತಿಗೆ.

ನೆನೆಸಲು ಕಾದಿಟ್ಟ ಆ ರಾತ್ರಿಯನ್ನು ಬೆಂದ ಮಾಂಸ ತಣಿಯಲು ಕೊಡಿ. ಒಮ್ಮೆ ನೆಂಟರು ಬರುವ ಅವಸರದಲ್ಲಿ ಬಿಸಿ ಗಸಿಯ ಮೇಲೆಯೇ ಹಿಟ್ಟಿನ ಹಾಳೆ ಹೊದಿಸಿದೆ. ಬೆಣ್ಣೆ ಕರಗಿ ಹಾಳೆ ನಡುವೆ ಕುಸಿಯಿತು, ಅಡಿಭಾಗ ಹಸಿ ಕಣಕದಂತೆಯೇ ಉಳಿಯಿತು. ಈಗ ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಗ್ಗೆ ಗಸಿ ಗಟ್ಟಿಯಾಗಿ ಚಮಚ ನೆಟ್ಟಗೆ ನಿಲ್ಲುತ್ತದೆ. ಆಗ ಹಾಳೆ ಹೊದಿಸಿ, ಅಂಚು ಒತ್ತಿ, ನಡುವೆ ಒಂದು ತೂತು ಮಾಡಿ, 200 ಡಿಗ್ರಿಯ ಓವನ್ನಿಗೆ ಇಡುವುದು. ಮುಚ್ಚಳ ಹೊಂಬಣ್ಣಕ್ಕೆ ತಿರುಗಿ, ತೂತಿನಲ್ಲಿ ಎಸರು ಗುಳುಗುಳು ಎನ್ನತೊಡಗಿದರೆ ಪೈ ಆಯಿತು.